ಹಂಚಿನಿಂದಿಳಿದ ಮೊದಲ ರೊಟ್ಟಿ

ನನಗೆ ತಿನ್ನುವುದೆಂದರೆ ಪ್ರಾಣ. ಇದನ್ನು ಹೇಳಿಕೊಳ್ಳಲು ನಾಚುವ ವಯಸ್ಸು ದಾಟಿ ಬಹಳ ದಿನವಾಯಿತು. ಹೆಣ್ಣುಮಗಳಿಗೆ ಇಷ್ಟು ನಾಲಿಗೆ ಚಪಲ ಒಳ್ಳೆಯದಲ್ಲ ಎಂದು ಸುರಪುರದ ನನ್ನ ತವರಿನ ಓಣಿಯಲ್ಲಿ ಹೇಳದವರಿಲ್ಲ. ನಾನು ಹೂಂ ಹೂಂ ಎನ್ನುತ್ತಲೇ ಬಾಯಾಡಿಸುತ್ತಿದ್ದೆ. ಮದುವೆಯಾಗಿ ಶಹಾಪುರಕ್ಕೆ ಬಂದೆ. ನೌಕರಿ ಯಾದಗಿರಿಯ ಕಚೇರಿಯೊಂದರಲ್ಲಿ ಸಿಕ್ಕಿತು. ಹೀಗೆ ಮೂರು ಊರು ನನ್ನ ಪಾಲಿಗೆ ಬಂದವು. ಯಾವ ಊರಿನಲ್ಲಿ ಯಾವ ಬಾಣಲೆ ಎಷ್ಟು ಹೊತ್ತಿಗೆ ಒಲೆ ಏರುತ್ತದೆ ಎಂಬುದು ನನಗೆ ಕಚೇರಿಯ ಕಡತಗಳಿಗಿಂತ ಚೆನ್ನಾಗಿ ಗೊತ್ತಿತ್ತು.

ಬೆಳಗಿನ ಬಸ್ಸು ಭೀಮಾ ಸೇತುವೆ ಏರುವಾಗಲೇ ಹೊಟ್ಟೆ ಎಚ್ಚರವಾಗುತ್ತಿತ್ತು. ಮನೆಯಲ್ಲಿ ಎರಡು ಬಿಸಿ ರೊಟ್ಟಿ ತಿಂದೇ ಹೊರಟಿರುತ್ತಿದ್ದೆ, ಅದು ಬೇರೆ ಮಾತು. ಸ್ಟೇಷನ್ ರಸ್ತೆಯ ತಳ್ಳುಗಾಡಿಯಲ್ಲಿ ಒಬ್ಬಾತ ಸುಸಲಾ ಮಾಡುತ್ತಿದ್ದ. ಚುರಮುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ ಕೊಡುವುದು. ಚುರಮುರಿ ಒಂದು ಕ್ಷಣ ಹೆಚ್ಚು ನೆನೆದರೆ ಮುದ್ದೆ, ಒಂದು ಕ್ಷಣ ಕಡಿಮೆಯಾದರೆ ಗಂಟಲಿಗೆ ಚುಚ್ಚುತ್ತದೆ. ಅವನ ಕೈ ಎಂದೂ ತಪ್ಪಲಿಲ್ಲ. ಅವನು ಗಾಡಿ ತರದ ದಿನ ಕಚೇರಿಯಲ್ಲಿ ನನ್ನ ಹತ್ತಿರ ಮಾತಾಡಲು ಯಾರೂ ಬರುತ್ತಿರಲಿಲ್ಲ, ಅಷ್ಟು ಸಿಡಿಮಿಡಿ.

ತಿನ್ನಲು ಸಿಗುತ್ತದೆಂದರೆ ಎಲ್ಲಿಗಾದರೂ ಹೊರಟುಬಿಡುವವಳು ನಾನು. ಒಮ್ಮೆ ಕಚೇರಿಯವರೆಲ್ಲ ನಾರಾಯಣಪುರದ ಅಣೆಕಟ್ಟು ನೋಡಲು ಹೊರಟಾಗ ನಾನೂ ಹೋದೆ. ಅವರು ಹೊಳೆಯ ಮೀನಿಗೆ ಹೊರಟವರೆಂದು ಅಲ್ಲಿ ಮುಟ್ಟಿದ ಮೇಲೆ ತಿಳಿಯಿತು. ಲಿಂಗ ಕಟ್ಟಿದವಳಾದ ನಾನು ಮುಖ ಊದಿಸಿಕೊಂಡು ಗಿಡದ ಬುಡಕ್ಕೆ ಕೂತೆ. ನೀರಾವರಿಯವರ ಕ್ವಾರ್ಟರ್ಸಿನಿಂದ ಒಬ್ಬ ಹೆಣ್ಣುಮಗಳು ನನ್ನ ಅವಸ್ಥೆ ನೋಡಿ ಒಳಗೆ ಕರೆದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣೆ, ಪುಂಡಿಪಲ್ಯ ಹಾಕಿದಳು. ಹುಳಿಗೆ ಕಣ್ಣು ಮುಚ್ಚಿಕೊಂಡೇ ನಾಲ್ಕು ರೊಟ್ಟಿ ಮುಗಿಸಿದೆ. ಹೊರಗೆ ಬಂದಾಗ ಮೀನಿನವರು ಇನ್ನೂ ಮುಳ್ಳು ಬಿಡಿಸುತ್ತ ಕೂತಿದ್ದರು. ಅಂದು ಗೆದ್ದವಳು ನಾನೇ ಎಂದು ಇಂದಿಗೂ ಅನಿಸುತ್ತದೆ.

ಇದೆಲ್ಲವನ್ನೂ ನಾನು ಒಬ್ಬಳೇ ತಿನ್ನುತ್ತಿದ್ದೆನಾದರೂ ರುಚಿ ನೋಡುತ್ತಿದ್ದವರು ಇಬ್ಬರು. ಇನ್ನೊಬ್ಬರು ನನ್ನ ಅತ್ತೆ. ಅವರು ಹೋಗಿ ಮೂರು ವರ್ಷವಾಯಿತು.

ಶಹಾಪುರದ ಆ ಮನೆಯಲ್ಲಿ ನಾವು ಮೂವರು: ಅತ್ತೆ, ನನ್ನ ಗಂಡ, ನಾನು. ಗಂಡನದು ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದರು. ಅತ್ತೆ ಹಣೆತುಂಬ ವಿಭೂತಿಯ ಹೆಂಗಸು. ನಸುಕಿಗೇ ಎದ್ದು ಲಿಂಗಪೂಜೆ ಮುಗಿಸಿ ಒಲೆ ಹಚ್ಚಿದರೆ ಅಡುಗೆಮನೆ ಅವರ ರಾಜ್ಯ. ಹೊರಗಿನದು ಒಂದು ಹನಿ ಚಹಾ ಕೂಡ ಮುಟ್ಟುತ್ತಿರಲಿಲ್ಲ. ನಾನು ಬಡಿದ ರೊಟ್ಟಿಯನ್ನು ಮದುವೆಯಾದ ಮೊದಲ ವಾರ ನೋಡಿ, "ನೀ ಪಲ್ಯಾ ಮಾಡು ಯವ್ವಾ, ಜ್ವಾಳ ಹಾಳು ಮಾಡಬ್ಯಾಡ" ಎಂದು ಒಲೆಯ ಮುಂದಿನಿಂದ ಎಬ್ಬಿಸಿದ್ದರು. ನನಗೂ ಅದೇ ಬೇಕಾಗಿತ್ತು.

ಮೊದಮೊದಲು ಹೊರಗೆ ತಿಂದದ್ದನ್ನು ಅವರಿಂದ ಮುಚ್ಚಿಡುತ್ತಿದ್ದೆ. ಒಂದು ಸಂಜೆ ನನ್ನ ಚೀಲದ ತಳಕ್ಕೆ ಮಿರ್ಚಿ ಭಜಿಯ ಎಣ್ಣೆ ಇಳಿದಿದ್ದು ಅವರ ಕಣ್ಣಿಗೆ ಬಿತ್ತು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅತ್ತೆ ಕಾಳು ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ದನಿ ತಗ್ಗಿಸಿ ಕೇಳಿದರು.

"ಮಿರ್ಚಿ ಹೊಟ್ಟ್ಯಾಗ ಏನ್ ತುಂಬಿದ್ದ?"

"ಜೀರಗಿ, ಹುಣಸಿಹಣ್ಣು ಇದ್ದಂಗಿತ್ರಿ."

"ಎಣ್ಣಿ ಹೊಸಾದೇನು?"

"ಬಾಯಿಗಿ ಏನೂ ಹತ್ತಲಿಲ್ರಿ."

"ಹಂಗಾರ ಹೊಸಾದೇ. ಓಮಕಾಳು ಹಾಕ್ಯಾನೇನು ಹಿಟ್ಟಿನ್ಯಾಗ?"

ಅಂದಿನಿಂದ ಅದೊಂದು ನೇಮವಾಯಿತು. ಸಂಜೆ ಬಂದು ಕೈಕಾಲು ತೊಳೆದು ಅಡುಗೆಮನೆಯ ಹೊಸ್ತಿಲಲ್ಲಿ ಕೂತರೆ ಅತ್ತೆಯ ಪ್ರಶ್ನೆ ಬರುತ್ತಿತ್ತು: "ಇವತ್ತು ಏನ್ ತಿಂದಿ?" ನಾನು ತಿಂದದ್ದನ್ನು ಹೇಳಬೇಕು, ಅವರು ಅದರ ಒಳಗುಟ್ಟು ಹೇಳಬೇಕು. ವನದುರ್ಗದ ಒಂದು ಮದುವೆಗೆ ತಮ್ಮ ಬದಲು ನನ್ನನ್ನು ಕಳಿಸಿದ್ದರು. ವಾಪಸ್ಸು ಬಂದವಳಿಗೆ ಹುಡುಗ ಹೇಗಿದ್ದ, ಹುಡುಗಿ ಹೇಗಿದ್ದಳು ಎಂದು ಕೇಳಲೇ ಇಲ್ಲ. "ಹುಗ್ಗಿಗೆ ಗೋದಿ ಕುಟ್ಟಿದ್ರೋ, ಮಿಶಿನಿಗೆ ಹಾಕ್ಸಿದ್ರೋ?" ಎಂದರು. ನನಗೆ ಅದು ಹೇಗೆ ಗೊತ್ತಾಗಬೇಕು? "ಬಾಯಾಗ ಸಿಪ್ಪಿ ಸಿಕ್ಕಿತ್ತೇನು?" ಇಲ್ಲ ಎಂದೆ. "ಗೋದಿ ಒಡದು ಹಿಟ್ಟಾಗಿತ್ತೇನು?" ಅದೂ ಇಲ್ಲ. "ಹಂಗಾರ ಕುಟ್ಯಾರ. ಮಂದಿ ಛಲೋ ಅದಾರ" ಎಂದು ಆ ಬೀಗತನಕ್ಕೆ ಅಲ್ಲಿಯೇ ಒಪ್ಪಿಗೆ ಕೊಟ್ಟರು. ನನಗೆ ಈಗಲೂ ಹೊಸ ತಿನಿಸು ಬಾಯಿಗಿಟ್ಟ ಕೂಡಲೇ, ಇದನ್ನು ಯಾರಿಗೆ ಹೇಳಲಿ ಎಂದು ಒಳಗೆ ಖಾಲಿ ಎನಿಸುತ್ತದೆ.

ಹೀಗೇ ಒಂದು ಸಂಜೆ ನಾನು ಯಾದಗಿರಿಯ ಖಾನಾವಳಿಯೊಂದರಲ್ಲಿ ಉಂಡ ಎಣ್ಣೆಗಾಯಿ ಬದನೆಕಾಯಿಯ ವರ್ಣನೆಯಲ್ಲಿದ್ದೆ. ಅತ್ತೆ ಬದನೆಕಾಯಿಯ ಕಡೆ ಗಮನ ಕೊಡಲಿಲ್ಲ.

"ಒಂದು ಕೇಳ್ತೀನಿ, ನಗಬ್ಯಾಡ. ಖಾನಾವಳ್ಯಾಗ ಕುಂತ್ರ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ತಾಟಿಗೇ ಬರ್ತದಂತಲ್ಲ, ಖರೇನು?"

"ಖರೇರಿ. ಒಂದು ಮುಗಿಯೂದ್ರಾಗ ಇನ್ನೊಂದು ತಂದು ಹಾಕ್ತಾರ."

"ಉಬ್ಬಿದ್ದು ಉಬ್ಬಿದಂಗ?"

"ಹೂಂ ರಿ, ಉಗಿ ಹಾರ್ತಿರ್ತದ."

ಅತ್ತೆ ಹಂಚಿನ ಕಡೆ ನೋಡಿದರು. ಆಮೇಲೆ, ತಮಗೇ ಹೇಳಿಕೊಂಡಂತೆ, "ಹಂಗ ಒಮ್ಮಿ ಉಂಡು ನೋಡ್ಬೇಕು" ಎಂದರು.

ನಗಬೇಡ ಎಂದಿದ್ದರೂ ನಾನು ನಕ್ಕುಬಿಟ್ಟೆ. ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುವ ಹೆಂಗಸು ಬಿಸಿ ರೊಟ್ಟಿಗೆ ಆಸೆ ಪಡುವುದೆಂದರೇನು? ನಗು ಬಾಯಲ್ಲಿದ್ದಾಗಲೇ ಲೆಕ್ಕ ಹೊಳೆಯಿತು. ಮೊದಲನೆಯದು ಅವರ ಮಗನಿಗೆ. ಎರಡನೆಯದು ಬಸ್ಸಿಗೆ ಹೊರಟ ನನಗೆ. ಆಮೇಲಿನವು ನಮ್ಮಿಬ್ಬರ ತಾಟಿಗೆ ಸರದಿಯಲ್ಲಿ. ಅನಂತರ ನನ್ನ ಡಬ್ಬಿಗೆ. ಉಳಿದವು ಬುಟ್ಟಿಗೆ. ಒಲೆ ಆರಿಸಿ, ಹಿಟ್ಟಿನ ಹಲಗೆ ತೊಳೆದು ಅತ್ತೆ ಉಣ್ಣಲು ಕೂತಾಗ ಮೊದಲು ಮುಗಿಯಬೇಕಾದದ್ದು ನಿನ್ನೆಯ ರೊಟ್ಟಿ. ಇವತ್ತಿನದು ಅವರಿಗೆ ಸಿಗುತ್ತಿದ್ದುದು ನಾಳೆ. ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ಕೂತು ಉಂಡ ನನಗೆ, ಗಾಡಿಯ ಸುಸಲಾದಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಗೊತ್ತಾಗುತ್ತಿದ್ದ ನನಗೆ, ಇದು ಕಂಡಿರಲಿಲ್ಲ. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಮರುದಿನ ಭಾನುವಾರ. "ನೀವು ಕೂಡ್ರಿ, ನಾ ಬಡೀತೀನಿ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅತ್ತೆಯನ್ನು ತಾಟಿನ ಮುಂದೆ ಕೂರಿಸಿದ್ದೂ ಆಯಿತು. ನನ್ನ ಮೊದಲ ರೊಟ್ಟಿ ಹಲಗೆಯ ಮೇಲೆಯೇ ಮೂರು ಹೋಳಾಯಿತು. ಎರಡನೆಯದು ಹಂಚಿನವರೆಗೆ ಹೋಗಿ ಅಲ್ಲಿ ಬಿರಿಯಿತು. "ಏಳು, ಏಳು, ಹಿಟ್ಟಿನ ಜಿಗಿ ಹೋಗ್ಯದ" ಎನ್ನುತ್ತ ಅತ್ತೆ ಎದ್ದೇಬಿಟ್ಟರು. ಮತ್ತೆ ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಟಪಟಪ ಬಡಿದು, ಚಂದ್ರನಂತೆ ಉಬ್ಬಿದ್ದನ್ನು ತಂದು ನನ್ನ ತಾಟಿಗೇ ಹಾಕಿದರು.

ಆಮೇಲೆ ನನ್ನ ತವರಿಗೆ ಕರೆದುಕೊಂಡು ಹೋದೆ. ಸುರಪುರದಲ್ಲಿ ನನ್ನ ತಾಯಿಯ ರೊಟ್ಟಿಗೆ ಹೆಸರಿತ್ತು. ಆದರೆ ಹೋಗುವುದಾಗಿ ಮೊದಲೇ ಫೋನು ಮಾಡಿದ್ದೇ ತಪ್ಪಾಯಿತು. ಬೀಗಿತ್ತಿ ಬರುವಾಗ ನಮ್ಮ ಕಡೆ ಮರ್ಯಾದೆಯ ರೊಟ್ಟಿ ಎಂದರೆ ಖಡಕ್ ರೊಟ್ಟಿ. ನನ್ನ ತಾಯಿ ಎರಡು ದಿನ ಮೊದಲೇ ಹಪ್ಪಳದಂತೆ ತೆಳ್ಳಗೆ ಬಡಿದು ಒಣಗಿಸಿ ಬುಟ್ಟಿ ತುಂಬಿಟ್ಟಿದ್ದಳು. ಅತ್ತೆ ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ಕಟುಕಟು ಕಡಿದು, "ಏನ್ ಕೈರಿ ನಿಮ್ದು!" ಎಂದು ಮನಸಾರೆ ಹೊಗಳಿದರು. ನಾನು ಮೂಲೆಯಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. ಬಂದ ಬೀಗಿತ್ತಿಗೆ ಆಗಿಂದಾಗ ಬಡಿದು ಹಾಕು ಎಂದರೆ ನನ್ನ ತಾಯಿ ಸತ್ತರೂ ಒಪ್ಪುತ್ತಿರಲಿಲ್ಲ, ಮೊದಲೇ ಏನೂ ಮಾಡಿಟ್ಟಿರಲಿಲ್ಲ ಎಂದಾಗುತ್ತದಲ್ಲ.

ಉಳಿದದ್ದು ಖಾನಾವಳಿ. ಶಹಾಪುರದಲ್ಲಿ ಆಗದ ಮಾತು. ಕಿರಾಣಿ ಅಂಗಡಿಯವರ ತಾಯಿ ಹೊರಗೆ ಉಣ್ಣುತ್ತಿದ್ದಾಳೆ ಎಂದು ಊಟ ಮುಗಿಯುವುದರೊಳಗೆ ಪೇಟೆಗೆಲ್ಲ ಸುದ್ದಿ. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗತೊಡಗಿತ್ತು. ಯಾದಗಿರಿಯ ದವಾಖಾನೆಗೆ ತೋರಿಸುವ ನೆಪ ಸಿಕ್ಕಿತು. ನಾನು ಆ ಖಾನಾವಳಿಯ ಹೆಂಗಸಿನ ಮಾತೆತ್ತಿದಾಗ ಅವರು ಕೇಳಿದ್ದು ಒಂದೇ: "ಆಕಿ ಪೂಜಿ ಮಾಡ್ಕೊಂಡು ಒಲಿ ಹಚ್ತಾಳೇನು?" ಹಚ್ಚುತ್ತಾಳೆ ಎಂದೆ. ನನಗೆ ಅದರ ಗಂಧವೂ ಗೊತ್ತಿರಲಿಲ್ಲ. ಮುಂದೆ ಆ ಮಾತು ನಿಜವಾಗಿದ್ದು ನನ್ನ ಪುಣ್ಯ.

ದವಾಖಾನೆಯಲ್ಲಿ ಚೀಟಿ ಮಾಡಿಸಿದಾಗ ಮಧ್ಯಾಹ್ನದ ಮೇಲೆ ಬನ್ನಿ ಎಂದರು. ನೇರ ಖಾನಾವಳಿಗೆ ನಡೆದೆವು. ಓಣಿಯ ಒಂದು ಮನೆಯ ಪಡಸಾಲೆಯಲ್ಲಿ ನಾಲ್ಕು ಟೇಬಲ್ಲು, ಅದರಾಚೆ ಪರದೆ, ಪರದೆಯಾಚೆ ಒಲೆ. ನಡೆಸುವವಳು ಅತ್ತೆಗಿಂತ ಸ್ವಲ್ಪ ಚಿಕ್ಕವಳು, ಹಣೆಯಲ್ಲಿ ವಿಭೂತಿ. ಅತ್ತೆಯ ಮುಖ ಅರಳಿತು. ಆದರೆ ಅಂದು ಜೊತೆಗೆ ಕೆಲಸ ಮಾಡುವಾಕೆ ಬಂದಿರಲಿಲ್ಲ, ಬಡಿಯುವವಳೂ ಬಡಿಸುವವಳೂ ಅವಳೊಬ್ಬಳೇ. "ಬರ್ರಿ ಯವ್ವಾ, ಕೂಡ್ರಿ, ಜರಾ ತಡಾ ಆಗ್ತದ" ಎಂದು ಪಲ್ಯ ಹಾಕಿ ಒಳಗೆ ಓಡಿದಳು.

ನಮ್ಮೆದುರು ಕಾರ್ಖಾನೆಯ ನೀಲಿ ಅಂಗಿ ತೊಟ್ಟ ನಡುವಯಸ್ಸಿನ ಒಬ್ಬಾತ ಕೂತಿದ್ದ. ಕಡೇಚೂರಿನ ಪಾಳಿಗೆ ಹೋಗುವವನು, ಸೈದಾಪುರದ ಗಾಡಿ ಹಿಡಿಯಬೇಕು. ತಾಟಿನಲ್ಲಿ ಪಲ್ಯ ಇತ್ತು, ರೊಟ್ಟಿ ಮುಗಿದಿತ್ತು. "ಅಕ್ಕಾ, ರೊಟ್ಟಿ! ಗಾಡಿ ಬರೂ ಹೊತ್ತಾತು!" ಎಂದು ಎರಡು ಸಲ ಕೂಗಿದ.

ಪರದೆ ಸರಿಯಿತು. ಅವಳು ಒಂದು ರೊಟ್ಟಿ ತಂದು, ದೊಡ್ಡವರೆಂದು ಮೊದಲು ಅತ್ತೆಯ ತಾಟಿಗೆ ಹಾಕಿದಳು. ಬುರ್ರನೆ ಉಬ್ಬಿದ್ದು, ಅಂಚಿನಿಂದ ಉಗಿ ಬರುತ್ತಿದ್ದುದು. ಅತ್ತೆ ಅದನ್ನು ನೋಡಿದರು. ಬೆರಳ ತುದಿಯಿಂದ ಮುಟ್ಟಿ ಸುಟ್ಟುಕೊಂಡರು, ನಕ್ಕರು. ಅವರು ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿದರು. ಎತ್ತಿ, ಎದುರಿನವನ ಖಾಲಿ ತಾಟಿಗೆ ಹಾಕಿಬಿಟ್ಟರು.

"ಉಣ್ಣಪ್ಪಾ, ಬಿಸಿ ಅದ" ಎಂದರು.

ಅವನೂ ಬೇಡ ಎನ್ನಲಿಲ್ಲ, ಬೆರಗಾಗಲಿಲ್ಲ. "ಹೂಂ ರಿ ಯವ್ವಾ" ಎಂದು ಮುರಿದು ತಿಂದ. ಅವನ ಮನೆಯಲ್ಲೂ ಹೀಗೇ ಇರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ರೊಟ್ಟಿ ಬಂತು. ಅತ್ತೆಯ ಕೈ ಅದನ್ನು ನನ್ನ ತಾಟಿಗೆ ತಂದಿತು. ಇಲ್ಲಿ ನಾನು ಸುಳ್ಳು ಬರೆಯಲಾರೆ. ಆ ರೊಟ್ಟಿಯನ್ನು ನಾನು ಮುರಿದು, ಎಣ್ಣೆಗಾಯಿಯ ಮಸಾಲೆ ಒರೆಸಿ, ಮೂರು ತುತ್ತು ನುಂಗಿದ ಮೇಲೆಯೇ ನಾವು ಬಂದದ್ದು ಯಾಕೆಂದು ನನಗೆ ನೆನಪಾದದ್ದು. ಯಾರದೋ ರೊಟ್ಟಿಯನ್ನು ಕದ್ದು ಸಿಕ್ಕಿಬಿದ್ದವಳಂತೆ ತಲೆ ಎತ್ತಿದೆ. ಅತ್ತೆಯ ಜಾಗ ಖಾಲಿಯಾಗಿತ್ತು.

ಪರದೆಯಾಚೆಯಿಂದ ಅವರ ದನಿ ಕೇಳಿಸಿತು: "ನೀ ಬೇಯಿಸು, ನಾ ಬಡೀತೀನಿ. ಪಾಪ, ಮಂದಿ ಹಸದು ಕುಂತಾರ." ಆಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ಟಪಟಪ. ನೀಲಿ ಅಂಗಿಯವನು ಗಾಡಿ ಹಿಡಿದ. ಬೇರೆಯವರು ಬಂದರು, ಉಂಡರು, ಹೋದರು. ಎಲ್ಲ ಮುಗಿದ ಮೇಲೆ ಪರದೆ ಸರಿಸಿ ನೋಡಿದರೆ, ಆ ಇಬ್ಬರು ಹೆಂಗಸರು ಆರಿದ ಒಲೆಯ ಮುಂದೆ ಕೂತು, ಬುಟ್ಟಿಯ ತಳದ ತಣ್ಣನೆ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ತಿನ್ನುತ್ತ, ಏನೋ ಹೇಳಿಕೊಂಡು ನಗುತ್ತಿದ್ದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅತ್ತೆಯೇ ನನ್ನ ಕೈ ಹಿಡಿದು, "ಸಿಟ್ಟಾಗಬ್ಯಾಡ. ಬಿಸೀದು ಕೈಯಾಗ ಬಂತಂದ್ರ ಖಾಲಿ ತಾಟು ಎಲ್ಲ್ಯದ ಅಂತ ಕಣ್ಣು ತಾನೇ ಹುಡುಕ್ತದ. ನಾ ಏನ್ ಮಾಡ್ಲಿ?" ಎಂದರು. ಸಿಟ್ಟು ಅವರ ಮೇಲೆ ಇರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಎರಡು ತಿಂಗಳ ಮೇಲೆ ಒಂದು ಕಣ್ಣಿನದು ತೆಗೆಯೋಣ, ಆಮೇಲೆ ಇನ್ನೊಂದರದು ಎಂದು ಊಟದ ಮೇಲೆ ನೋಡಿದ ಡಾಕ್ಟರು ಹೇಳಿದ್ದರು.

ಆ ಎರಡು ತಿಂಗಳು ನಾನು ರೊಟ್ಟಿ ಕಲಿತೆ. ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ಕದ್ದು ಹಿಟ್ಟು ಕಲಸುತ್ತಿದ್ದೆ. ಕೆಟ್ಟವು ಪಕ್ಕದ ಮನೆಯ ಎಮ್ಮೆಗೆ. ಕೊನೆಕೊನೆಗೆ ಆ ಎಮ್ಮೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಅಂಗೈ ಕೆಂಪಾಯಿತು, ರಟ್ಟೆ ಹಿಡಿದುಕೊಂಡಿತು. ಒಂದು ರೊಟ್ಟಿ ಬಡಿಯುವುದೆಂದರೆ ಏನೆಂದು ನಲವತ್ತೈದು ದಾಟಿದ ಮೇಲೆ ತಿಳಿಯಿತು. ಕಡೆಗೆ ಒಂದು ಉಬ್ಬಿತು. ಅರ್ಧ ಮಾತ್ರ.

ಪೊರೆ ತೆಗೆಸಿಕೊಂಡು ಅತ್ತೆ ಮನೆಗೆ ಬಂದ ಮಧ್ಯಾಹ್ನ. ಒಂದು ಕಣ್ಣಿಗೆ ಹತ್ತಿಯ ಪಟ್ಟಿ. ಇನ್ನೊಂದರಲ್ಲಿ ಮೊದಲೇ ಮಂಜು, ಎದುರಿಗೆ ಬಂದವರು ಯಾರೆಂದು ದನಿಯಿಂದ ತಿಳಿಯಬೇಕು. ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಡುಗೆಮನೆಯ ಗೋಡೆಗೆ ಒರಗಿಸಿ ಕೂರಿಸಿ, ಮುಂದೆ ತಾಟು ಇಟ್ಟೆ. ಅಷ್ಟರಲ್ಲಿ ಗಂಡ ಅಂಗಡಿಯಿಂದ ಬಂದು, ತಮ್ಮ ತಾಟು ತೆಗೆದುಕೊಂಡು ಎದುರಿನ ಗೋಡೆಗೆ ಕೂತರು. ಮೊದಲ ರೊಟ್ಟಿ ಹಂಚಿನ ಮೇಲಿತ್ತು.

"ಎಲ್ಲಾರದೂ ಊಟ ಆತೇನು?" ಅತ್ತೆ ಕೇಳಿದರು.

ನಾನು ಗಂಡನ ಕಡೆ ನೋಡಿದೆ. ಖಾನಾವಳಿಯ ಕಥೆ ಅವರಿಗೆ ಹೇಳಿದ್ದೆ. ಅವರು ತಮ್ಮ ತಾಟನ್ನು ಸದ್ದಾಗದಂತೆ ನೆಲಕ್ಕಿಟ್ಟು, ತಮಗೆ ಬೇಡ ಎಂದು ಕೈ ಅಲ್ಲಾಡಿಸಿದರು.

"ಆಗ್ಯದರಿ ಅತ್ತಿ. ಅವರು ಉಂಡು ಅಂಗಡಿಗಿ ಹೋಗ್ಯಾರ. ನಂದೂ ಆಗ್ಯದ" ಎಂದೆ.

ರೊಟ್ಟಿಯನ್ನು ಅವರ ತಾಟಿಗೆ ಹಾಕಿದೆ. ದಪ್ಪಗಿತ್ತು, ಒಂದು ಕಡೆ ಕಪ್ಪಾಗಿತ್ತು, ಅಂಚು ಹರಿದಿತ್ತು. ಆದರೆ ಉಗಿ ಹಾರುತ್ತಿತ್ತು. ಅತ್ತೆ ಅದನ್ನು ಎತ್ತಿದರು. ಕೈ ಒಂದು ಕ್ಷಣ ಪಕ್ಕಕ್ಕೆ ಚಾಚಿತು, ಗಾಳಿಯಲ್ಲಿ ತಡಕಾಡಿತು. ಯಾರ ತಾಟೂ ತಾಕಲಿಲ್ಲ. ಮೆಲ್ಲಗೆ ಹಿಂದಕ್ಕೆ ಬಂತು. ಅವರು ಮುರಿದು, ಊದಿ, ಬಾಯಿಗಿಟ್ಟುಕೊಂಡರು. ಪಲ್ಯ ಮುಟ್ಟಲಿಲ್ಲ. ಬರೀ ರೊಟ್ಟಿ ಅಗಿಯುತ್ತ ಅಗಿಯುತ್ತ ಒಂದು ಮುಗಿಸಿದರು. ನಾನು ಎರಡನೆಯದು ಹಾಕಿದೆ. ಅದೂ ಮುಗಿಯಿತು. ಗಂಡ ಎದುರಿಗೆ ಉಸಿರು ಬಿಗಿಹಿಡಿದು, ತಾಯಿ ಉಣ್ಣುವುದನ್ನು ಜೀವನದಲ್ಲಿ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಮೂರನೆಯದರ ಅರ್ಧಕ್ಕೆ ಅತ್ತೆ ಕೈ ನಿಲ್ಲಿಸಿದರು. ನನ್ನ ರೊಟ್ಟಿಯ ತಪ್ಪು ಹೇಳುತ್ತಾರೆ ಎಂದುಕೊಂಡೆ.

"ನಿಮಗ ದಿನಾ ಹಿಂಗೇ ಇರ್ತಿತ್ತೇನು?" ಎಂದು ಕೇಳಿದರು. ದನಿಯಲ್ಲಿ ದೂರು ಇರಲಿಲ್ಲ. ನಾನು ಯಾದಗಿರಿಯಿಂದ ಬಂದ ಸಂಜೆ ಏನು ತಿಂದೆ ಎಂದು ಕೇಳುತ್ತಿದ್ದರಲ್ಲ, ಅದೇ ದನಿ.

ನನ್ನ ಗಂಡ ತಲೆ ತಗ್ಗಿಸಿದರು.

"ಹೌದ್ರಿ ಅತ್ತಿ" ಎಂದೆ.

"ಹಂಗಾರ ಇನ್ನೊಂದು ಹಾಕು" ಎಂದು ಅತ್ತೆ ತಾಟು ಮುಂದೆ ತಳ್ಳಿದರು.